ಉಣ್ಣುತ್ತಿದ್ದ ಯಂತ್ರವನ್ನು ಎಬ್ಬಿಸದ ಅಪರಾಧ

ಗೋಕುಲ ರಸ್ತೆ, ಹುಬ್ಬಳ್ಳಿ
ಶ್ರಾವಣ ಮಾಸ, 1964

ಕಟ್ಟಿಗೆ ಚೂರು ಮಾಡುವ ಯಂತ್ರವನ್ನು ನಡೆಸುವವರ ಯೋಗ್ಯತೆಯನ್ನು ಅಳೆದು ತೂಗಿ ನೋಡುವ ಪರೀಕ್ಷಕರಾದ ಶ್ರೀಮಾನ್ ಏಕನಾಥ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಸೈಕಲ್ಲೂ ತಮ್ಮ ಎಮ್ಮೆಯೂ ಕ್ಷೇಮದಿಂದ ಇದ್ದೀರೆಂದು ನಂಬಿ, ರಸ್ತೆಮರ ಉಸ್ತುವಾರಿ ಕಚೇರಿಯ ಮರದ ಗ್ಯಾಂಗಿಗೆ ಮೊನ್ನೆಮೊನ್ನೆಯವರೆಗೆ ಮುಕಾದಮನಾಗಿದ್ದ ನೀಲಕಂಠಪ್ಪನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಎಮ್ಮೆಯ ವಿಷಯ ಆಮೇಲೆ ಬರುತ್ತದೆ. ಈ ಪತ್ರವನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಸಿಟ್ಟಾಗಬಾರದು. ಮುಚ್ಚಿದ ಲಕೋಟೆಯಲ್ಲಿ ಕಳಿಸಿದರೆ ತಮ್ಮ ಜವಾನ ದ್ಯಾಮಣ್ಣನು ಅದನ್ನು ದಾರಿಯಲ್ಲೇ ಬಿಚ್ಚಿ ಓದಿ, ದುರ್ಗದ ಬೈಲಿನಲ್ಲಿ ಇನ್ನಷ್ಟು ಉಪ್ಪುಕಾರ ಹಚ್ಚಿ ಹೇಳುತ್ತಾನಾದ್ದರಿಂದ, ಉಪ್ಪುಕಾರವನ್ನು ನಾನೇ ಅಳತೆಗೆ ತಕ್ಕಷ್ಟು ಹಾಕುವುದು ಒಳ್ಳೆಯದೆಂದು ತೋರಿತು.

ಮೊದಲಿಗೆ ಆ ಯಂತ್ರವನ್ನು ಹೊಗಳದೆ ಮುಂದೆ ಹೋದರೆ ನನ್ನ ನಾಲಿಗೆಗೆ ಮೋಸವಾದೀತು. ಸಮುದ್ರದ ಆಚೆಯಿಂದ ಹಡಗಿನಲ್ಲಿ ಬಂದು, ರೈಲಿನಲ್ಲಿ ಹುಬ್ಬಳ್ಳಿಗೆ ಇಳಿದು, ಎಳೆಯಬೇಕಾದ ಟ್ರ್ಯಾಕ್ಟರು ರಿಪೇರಿಯಲ್ಲಿದ್ದ ಕಾರಣ ನಮ್ಮ ಗ್ಯಾಂಗಿನ ಗೌಸಸಾಬನ ಜೋಡೆತ್ತಿನ ಹಿಂದೆ ಹಲಗೆ ಬಾರಿಸಿಕೊಂಡು ನಮ್ಮ ಆವಾರಕ್ಕೆ ದಯಮಾಡಿಸಿದ ಆ ಎರಡು ಗಾಲಿಯ ಮಹಾನುಭಾವನನ್ನು ಕಂಡ ದಿನವೇ ನಾವೆಲ್ಲ ಅದಕ್ಕೆ ‘ಬೀಗರು’ ಎಂದು ಹೆಸರಿಟ್ಟೆವು. ದೂರದಿಂದ ಬಂದವರು, ಬಂದ ಗಳಿಗೆಯಿಂದ ಗದ್ದಲ, ಎಷ್ಟು ಹಾಕಿದರೂ ತೃಪ್ತಿಯಿಲ್ಲ, ಮೇಲಾಗಿ ಏನು ಹೆಚ್ಚುಕಡಿಮೆಯಾದರೂ ತಪ್ಪು ನಮ್ಮದೇ; ಬೀಗರಲ್ಲದೆ ಇನ್ನಾರು? ಒಂದು ಕಡೆಯಿಂದ ಬೇವಿನ ಟೊಂಗೆ ತುರುಕಿದರೆ ಇನ್ನೊಂದು ಕಡೆಯಿಂದ ಅವಲಕ್ಕಿಯಂತೆ ಚೂರು ಹಾರಿಬರುವುದನ್ನು ನೋಡಲು ಊರ ಜನ ರೊಟ್ಟಿಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಇಂಥ ಯಂತ್ರವನ್ನು ಬೇಕಾದವರೆಲ್ಲ ಮುಟ್ಟಬಾರದು, ಮುಟ್ಟುವವನು ಕೈಕಾಲು ಉಳಿಸಿಕೊಳ್ಳಬಲ್ಲನೇ ಎಂದು ಪರೀಕ್ಷಿಸಬೇಕು, ನಪಾಸಾದವನನ್ನು ಮರದ ಗ್ಯಾಂಗಿನಿಂದ ತೆಗೆದು, ಬಿಡಾಡಿ ದನಗಳನ್ನು ಕೂಡಿಹಾಕುವ ಕೊಂಡವಾಡಕ್ಕೆ ಕಾವಲುಗಾರನನ್ನಾಗಿ ಕಳಿಸಬೇಕು ಎಂದು ತಾವು ಹೊರಡಿಸಿದ ಆಜ್ಞೆಯನ್ನು ನಾನು ತಲೆಯ ಮೇಲೆ ಹೊತ್ತುಕೊಂಡೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದ ನನಗೆ ಟೊಂಗೆ ಹಾಕುವ ಪರೀಕ್ಷೆ ಯಾವ ಲೆಕ್ಕ ಎಂಬ ಸೊಕ್ಕೂ ಸ್ವಲ್ಪ ಇತ್ತು. ಆ ಸೊಕ್ಕನ್ನು ತಾವು ಒಂದೇ ದಿನದಲ್ಲಿ ಇಳಿಸಿದಿರಿ, ಅದಕ್ಕೆ ನಾನು ಚಿರಋಣಿ.

ಬೆಳಗಿನ ಬಾಯಿಪರೀಕ್ಷೆಯಲ್ಲಿ ತಾವು ಗೌಸಸಾಬನಿಗೆ, ಯಂತ್ರದ ಬಾಯಲ್ಲಿ ಟೊಂಗೆ ಸಿಕ್ಕಿಕೊಂಡರೆ ಮೊಟ್ಟಮೊದಲು ಏನು ಮಾಡುವೆ ಎಂದು ಕೇಳಿದಿರಿ. ಎಂಜಿನ್ ಬಂದ್ ಮಾಡುವೆ ಎಂಬುದು ಪುಸ್ತಕದ ಉತ್ತರವಂತೆ. ಸರಕಾರದ ಅನ್ನ ತಿಂದು ತಲೆ ಬೆಳ್ಳಗಾದ ಅವನು ಕೈಕಟ್ಟಿ ನಿಂತು, “ಮೊದಲ ಸಾಹೇಬ್ರಿಗೆ ತಿಳಸ್ತೇನ್ರಿ, ಸಾಹೇಬ್ರು ಬಂದ್ ಮಾಡು ಅಂದ್ರ ಬಂದ್ ಮಾಡ್ತೇನ್ರಿ, ರಜಾದಾಗ ಇದ್ರ ಬರೂತನ ಕಾಯ್ತೇನ್ರಿ” ಎಂದ. ತಾವು ಹಣೆ ಹಣೆ ಬಡಿದುಕೊಂಡಿರಿ. ಕಚೇರಿಯಲ್ಲಿ ಒಂದು ಗಡಿಯಾರದ ಮುಳ್ಳು ತಿರುಗಿಸಲೂ ತಮ್ಮ ಅಪ್ಪಣೆ ಬೇಕೆಂದು ಕಲಿಸಿದವರು ಯಾರೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಆಮೇಲೆ ಉಡುಪಿನ ಪರೀಕ್ಷೆ. ಧೋತರದ ಚುಂಗು, ರುಮಾಲಿನ ಸೆರಗು ಯಂತ್ರದ ಬಾಯಿಗೆ ಸಿಕ್ಕರೆ ಅದರ ಹಿಂದೆ ಮನುಷ್ಯನೂ ಹೋಗುತ್ತಾನೆ ಎಂದು ತಾವು ಹೇಳಿದ್ದು ಖರೆ. ಅದಕ್ಕೆ ಎದುರು ಮಾತಿಲ್ಲ. ಆದರೆ ಕಚೇರಿಯಿಂದ ಮಂಜೂರಾಗಿ ಬಂದದ್ದು ಇಡೀ ಗ್ಯಾಂಗಿಗೆ ಒಂದೇ ಖಾಕಿ ಪ್ಯಾಂಟು. ಒಬ್ಬರ ಪರೀಕ್ಷೆ ಮುಗಿದೊಡನೆ ಹುಣಸೆಮರದ ಮರೆಗೆ ಓಡಿ ಅದನ್ನು ಕಳಚಿ ಇನ್ನೊಬ್ಬರಿಗೆ ಕೊಡಬೇಕು. ಗೌಸಸಾಬನ ಸೊಂಟಕ್ಕೆ ಹೊಲಿಸಿದ ಆ ಪ್ಯಾಂಟನ್ನು ನಾನು ತೊಟ್ಟಾಗ ಅದರೊಳಗೆ ಇನ್ನೂ ಒಬ್ಬ ಅಭ್ಯರ್ಥಿಗೆ ಜಾಗವಿತ್ತು. ಒಂದು ಕೈಯಿಂದ ಪ್ಯಾಂಟು ಹಿಡಿದುಕೊಂಡು, ‘ಎರಡೂ ಕೈಯಿಂದ ಟೊಂಗೆ ಹಿಡಿಯತಕ್ಕದ್ದು’ ಎಂಬ ನಿಯಮವನ್ನು ಹೇಗೆ ಪಾಲಿಸಬೇಕೆಂದು ಕೇಳಿದಾಗ ತಾವು ಮುಖ ಆ ಕಡೆ ತಿರುಗಿಸಿದಿರಿ. ಕೊನೆಗೆ ಸಣಬಿನ ಹುರಿಯಿಂದ ಬಿಗಿದುಕೊಂಡೆ.

ಬೆಳಗಿನ ಕೈಪರೀಕ್ಷೆಯಲ್ಲಿ ನನ್ನ ಮೇಲೆ ಬಂದ ಆಪಾದನೆ, ಯಂತ್ರಕ್ಕೆ ಹೆಚ್ಚು ತುರುಕಿದೆ ಎಂಬುದು. ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಒಂದು ಟೊಂಗೆ ಪೂರ್ತಿ ಒಳಗೆ ಹೋಗುವ ತನಕ ಇನ್ನೊಂದನ್ನು ಮುಟ್ಟಬಾರದು ಎಂದು ತಾವು ಕಂಠಶೋಷಣೆ ಮಾಡಿಕೊಂಡು ಹೇಳಿದ್ದಿರಿ. ನಾನೂ ಹಾಗೆಯೇ ಶುರು ಮಾಡಿದೆ. ಆದರೆ ಎಲೆ ಖಾಲಿಯಾಗಿ ಗುರ್‍ರೆಂದು ಬಾಯಿ ತೆರೆದು ಕೂತವರ ಮುಂದೆ ಕೈಕಟ್ಟಿ ನಿಲ್ಲುವುದನ್ನು ನಮ್ಮ ಮನೆತನದಲ್ಲಿ ಯಾರೂ ಮಾಡಿದ್ದಿಲ್ಲ. ಬಡಿಸಲು ಹಿಂದೆಮುಂದೆ ನೋಡಿದವರ ಹೆಸರು ನಮ್ಮ ಕಡೆ ಮೊಮ್ಮಕ್ಕಳ ಕಾಲದ ತನಕ ಉಳಿಯುತ್ತದೆ. ಕೈ ತಾನಾಗಿಯೇ ಮುಂದೆ ಹೋಯಿತು. ಬಾಯಲ್ಲಿ, “ಇನ್ನೊಂದೀಟ ತಗೋರಿ, ನಾಚ್ಕೋಬ್ಯಾಡ್ರಿ” ಎಂಬ ಮಾತೂ ಬಂದುಬಿಟ್ಟಿತಂತೆ. ಬೀಗರು ಕೆಮ್ಮಿದರು, ಬಿಕ್ಕಿದರು, ನಿಂತುಬಿಟ್ಟರು. ಮಧ್ಯಾಹ್ನದ ಮೇಲೆ ಇನ್ನೊಂದು ಅವಕಾಶ ಕೊಡುವೆ, ಅದೇ ಕೊನೆಯದು, ಎಂದು ತಾವು ದೊಡ್ಡ ಮನಸ್ಸು ಮಾಡಿದಿರಿ.

ಮಾನ್ಯರೇ, ಇನ್ನು ಮಧ್ಯಾಹ್ನದ ಊಟದ ಪ್ರಸಂಗವನ್ನು ತಮ್ಮ ನೆನಪಿಗೆ ತರಬೇಕಾಗಿದೆ. ಹೊತ್ತಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದೆಂದು ನನ್ನ ಹೆಂಡತಿ ಗೌರಕ್ಕ, ಆವಾರದ ಬದಿಯಲ್ಲೇ ಇರುವ ನಮ್ಮ ತಗಡಿನ ಮನೆಗೆ ತಮ್ಮನ್ನು ಕರೆದಳು. ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಆದ ಮೇಲೆ ಹೋಳಿಗೆ ಬಂತು. ತಾವು ಒಮ್ಮೆ ‘ಸಾಕು’ ಎಂದಿರಿ, ಅವಳು ಹೋಳಿಗೆ ಹಾಕಿದಳು. ಎರಡನೆಯ ಸಲ ‘ಸಾಕು’ ಎಂದಿರಿ, ತುಪ್ಪ ಸುರಿದಳು. ಮೊದಲ ಸಲ ಅಂದ ‘ಸಾಕು’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದೇ ಹೊಟ್ಟೆ ತುಂಬಿದ್ದಕ್ಕೆ ಎಂಬುದು ಹುಬ್ಬಳ್ಳಿ ಧಾರವಾಡದ ಸಣ್ಣ ಕೂಸಿಗೂ ಗೊತ್ತು. ತಾವು ಮೂರನೆಯ ಸಲ ಅನ್ನಲೇ ಇಲ್ಲ.

ಅಷ್ಟರಲ್ಲಿ ದ್ಯಾಮಣ್ಣ ಏದುಸಿರು ಬಿಡುತ್ತ ಬಂದು ಹೊಸ್ತಿಲಲ್ಲಿ ನಿಂತು, “ಸಾಹೇಬ್ರ, ದೊಡ್ಡ ಸಾಹೇಬ್ರು ಜೀಪಿನ್ಯಾಗ ಬಂದು ಕುಂತಾರ್ರಿ, ಇದ್ದಂಗ ಎದ್ದು ಬರಬೇಕಂತ್ರಿ” ಎಂದ. ಆಗ ತಾವು ಹೋಳಿಗೆಯಿಂದ ಕಣ್ಣನ್ನೂ ಎತ್ತದೆ ಆಡಿದ ಮಾತನ್ನು ನಾನು ಎದೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ: “ಏ ದ್ಯಾಮಣ್ಣಾ, ಉಣ್ಲಿಕತ್ತವರನ್ನ ನಡುವ ಎಬ್ಬಿಸಬಾರದು ಅನ್ನೋದು ಗೊತ್ತಿಲ್ಲೇನು? ಮೇಲಿನವರು ಇರ್ಲಿ, ಯಾರ ಇರ್ಲಿ, ಊಟ ಮುಗೀಲಿ.” ಎಂಥ ಮಾತು! ಅಧಿಕಾರಕ್ಕಿಂತ ಅನ್ನ ದೊಡ್ಡದೆಂದು ಒಬ್ಬ ಅಧಿಕಾರಿಯ ಬಾಯಿಂದ ಕೇಳಿ ನನ್ನ ಕಣ್ಣು ತುಂಬಿದವು. ಗೌರಕ್ಕ ಆ ಸಂತೋಷಕ್ಕೆ ಇನ್ನೊಂದು ಹೋಳಿಗೆ ಹಾಕಿದಳು.

ಉಂಡೆದ್ದ ಮೇಲೆ, ಯಂತ್ರ ನಿಲ್ಲಿಸುವ ಸೂಚನೆಗೆ ಕೆಂಪು ನಿಶಾನೆ ಬೇಕು, ಕಚೇರಿಯಲ್ಲಿ ಹಸಿರು ಬಟ್ಟೆ ಮಾತ್ರ ಮಂಜೂರಾಗಿದೆ ಎಂದು ತಾವು ಪೇಚಾಡುವುದನ್ನು ನೋಡಲಾರದೆ ಗೌರಕ್ಕ ತನ್ನ ಟ್ರಂಕು ತೆಗೆದು, ತವರುಮನೆಯಿಂದ ಉಡಿತುಂಬಿ ಕೊಟ್ಟಿದ್ದ ಗುಳೇದಗುಡ್ಡದ ಕೆಂಪು ಖಣವನ್ನು ಕೊಟ್ಟು, “ಸಂಜಿಗೆ ವಾಪಸ್ ಕೊಡ್ರಿ ಮತ್ತ, ಇನ್ನೂ ಕುಪ್ಪಸ ಹೊಲಿಸಿಲ್ಲ” ಎಂದಳು. ತಾವು ಅದನ್ನು ಕೋಲಿಗೆ ಕಟ್ಟಿಕೊಂಡಿರಿ. ಪರೀಕ್ಷಕರು ಇದರೊಳಗೆ ಬರತಕ್ಕದ್ದಲ್ಲ ಎಂದು ಯಂತ್ರದ ಸುತ್ತ ಸುಣ್ಣದ ಗೆರೆಯನ್ನೂ ತಾವೇ ಎಳೆಸಿದಿರಿ.

ಈ ಸಲ ನಾನು ಒಂದೊಂದೇ ಟೊಂಗೆಯನ್ನು, ಬುಡ ಮುಂದಾಗಿ, ಪಕ್ಕಕ್ಕೆ ನಿಂತು, ಕೈ ದೂರವಿಟ್ಟು ಬಡಿಸಿದ್ದನ್ನು ಇಡೀ ಗ್ಯಾಂಗು ನೋಡಿದೆ. ಬೀಗರು ಒಂದು ದೊಡ್ಡ ಹುಣಸೆ ಟೊಂಗೆಯನ್ನು ಅರ್ಧ ನುಂಗಿ ರುಚಿ ಹಿಡಿದಿದ್ದಾಗ ತಾವು ನಿಶಾನೆ ಎತ್ತಿದಿರಿ. ನಾನು ನೋಡಲಿಲ್ಲವೆಂದು ತಾವು ಪರೀಕ್ಷೆಯ ವರದಿಯಲ್ಲಿ ಬರೆದದ್ದು ಸುಳ್ಳು; ನೋಡಿದೆ. ಆದರೆ ಉಣ್ಣುತ್ತಿದ್ದವರನ್ನು ನಡುವೆ ಎಬ್ಬಿಸಬಾರದು, ಮೇಲಿನವರು ಹೇಳಿದರೂ ಎಬ್ಬಿಸಬಾರದು ಎಂದು ತಾವೇ ಒಂದು ತಾಸಿನ ಹಿಂದೆ ಅಪ್ಪಣೆ ಕೊಡಿಸಿದ್ದಿರಲ್ಲ! ಮೇಲಾಗಿ ನಿಶಾನೆ ತೋರಿಸಿದ್ದು ಒಂದೇ ಸಲ. ಅದು ಮರ್ಯಾದೆಯ ‘ಸಾಕು’ ಎಂದುಕೊಂಡೆ.

ತಾವು ಕೆಂಪಾಗಿ, ತಾವೇ ಎಳೆಸಿದ ಗೆರೆಯನ್ನು ದಾಟಿ, ನಿಶಾನೆಯನ್ನು ನನ್ನ ಮೂಗಿನ ಮುಂದೆ ಬೀಸಲು ಬಂದಿರಿ. ಹುಣಸೆಯ ಒಂದು ರೆಂಬೆ ಖಣದ ಅಂಚನ್ನು ಹಿಡಿದುಕೊಂಡಿತು. ಖಣ ಹೋಯಿತು, ಹಿಂದೆಯೇ ಕೋಲೂ ಹೋಯಿತು. ಪುಣ್ಯಕ್ಕೆ ತಾವು ಕೈ ಬಿಟ್ಟಿರಿ, ಇಲ್ಲದಿದ್ದರೆ ಈ ಪತ್ರ ಬರೆಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಆದರೆ ಕೆಂಪು ನಿಶಾನೆಯೇ ಇಲ್ಲವಾದ ಮೇಲೆ ನಿಲ್ಲಿಸು ಎಂಬ ಆಜ್ಞೆ ಎಲ್ಲಿ ಉಳಿಯಿತು? ನಾನು ಇನ್ನೊಂದು ಟೊಂಗೆ ಎತ್ತಿಕೊಂಡೆ. ಆ ಸದ್ದಿನಲ್ಲಿ ತಮ್ಮ ತುಟಿ ಅಲ್ಲಾಡುವುದು ಕಂಡಿತು, ಮಾತು ಕೇಳಲಿಲ್ಲ. ಹರಸುತ್ತಿದ್ದೀರೆಂದು ತಿಳಿದು ಟೊಂಗೆ ಕೆಳಗಿಟ್ಟು ಕೈ ಮುಗಿದೆ. ಎರಡೂ ಕೈ ಯಂತ್ರದಿಂದ ದೂರವಿದ್ದ ಆ ಗಳಿಗೆಗಾದರೂ ಒಂದಿಷ್ಟು ಅಂಕ ಕೊಡಬಹುದಾಗಿತ್ತು.

ನಪಾಸು ಮಾಡಿದಿರಿ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ಜನ ನನ್ನನ್ನು ಆಡಿಕೊಳ್ಳುತ್ತಾರೆ. ಉಂಡ ಮನೆಯ ಜಂತಿ ಎಣಿಸಿದರು ಎಂದು ಗೌರಕ್ಕ ತಮ್ಮನ್ನು ಆಡಿಕೊಳ್ಳುತ್ತಾಳೆ. ನಮ್ಮದು ತಗಡಿನ ಮನೆ, ಅದರಲ್ಲಿ ಜಂತಿಯೇ ಇಲ್ಲ, ಸಾಹೇಬರು ಎಣಿಸುವುದಾದರೂ ಏನನ್ನು ಎಂದು ನಾನು ತಮ್ಮ ಪರವಾಗಿ ವಾದಿಸಿದ್ದೇನೆ. ಅವಳು ಯಂತ್ರದ ಹಿಂದೆ ಬಿದ್ದಿದ್ದ ಚೂರುಗಳಿಂದ ಕೆಂಪು ಎಳೆಗಳನ್ನು ಆರಿಸಿ ಮೊರದಲ್ಲಿ ಇಟ್ಟಿದ್ದಾಳೆ. ಅವುಗಳನ್ನು ಮತ್ತೆ ಖಣವಾಗಿ ನೇಯ್ದುಕೊಡುವ ಯಂತ್ರವೊಂದು ಸಮುದ್ರದಾಚೆ ಇದ್ದರೆ, ಮೂರನೆಯ ಪಂಚವಾರ್ಷಿಕ ಯೋಜನೆ ಮುಗಿಯುವುದರೊಳಗೆ ತರಿಸಿಕೊಡಬೇಕೆಂದು ಪ್ರಾರ್ಥನೆ.

ಇನ್ನು ಮುಂದೆ ಕೆಂಪು ನಿಶಾನೆಯನ್ನು ಮೂರು ಸಲ ತೋರಿಸುವಂತೆ ನಿಯಮ ತಿದ್ದಬೇಕು. ಯಂತ್ರ ಮಾಡಿದ ಕಂಪನಿಯವರಿಗೆ ಬರೆದು, ಹೊಟ್ಟೆ ತುಂಬಿದಾಗ ಅದು ಸ್ಪಷ್ಟವಾಗಿ ತೇಗುವಂತೆ ಏರ್ಪಾಡು ಮಾಡಿಸಬೇಕು. ಇವು ಯಾವುವೂ ಆಗದಿದ್ದರೂ ಚಿಂತೆಯಿಲ್ಲ, ನನ್ನನ್ನು ಇನ್ನೊಮ್ಮೆ ಪರೀಕ್ಷೆಗೆ ಕೂರಿಸಬೇಕು. ಕೊಂಡವಾಡದಲ್ಲಿ ಒಂದು ಮರವೂ ಇಲ್ಲ, ಮಾನ್ಯರೇ. ಇದೊಂದನ್ನು ಮಾತ್ರ ನಾನು ನಗೆಗೆ ಬರೆಯುತ್ತಿಲ್ಲ. ಗೋಕುಲ ರಸ್ತೆಯ ಬೇವಿನ ಸಾಲನ್ನು ಸಸಿಯಿಂದ ಬೆಳೆಸಿದವನು ನಾನು. ಈಗ ಗೋಡೆಯ ಆಚೆ ಯಾರೋ ಅದರ ಟೊಂಗೆ ಕಡಿಯುವ ಸದ್ದು ಕೇಳಿದರೆ, ಕಾಂಡಕ್ಕೇ ಕೊಡಲಿ ತಾಗಿಸುತ್ತಿದ್ದಾರೋ ಏನೋ ಎಂದು ಜೀವ ಚುರುಕ್ಕೆನ್ನುತ್ತದೆ. ಈ ಸಲ ನಿಶಾನೆ ಕಂಡೊಡನೆ ನಿಲ್ಲಿಸುತ್ತೇನೆ. ಬೀಗರು ಬೇಕಾದರೆ ಅರ್ಧ ಊಟದಲ್ಲಿ ಎದ್ದು ಮುನಿಸಿಕೊಂಡು ಹೋಗಲಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನೀಲಕಂಠಪ್ಪ
ಹಿಂದೆ ಮರದ ಗ್ಯಾಂಗಿನ ಮುಕಾದಮ, ಈಗ ಕೊಂಡವಾಡದ ಕಾವಲುಗಾರ

ತಾ.ಕ.: ತಮ್ಮ ಎಮ್ಮೆ ನಿನ್ನೆ ಬೆಳಿಗ್ಗೆ ಗೋಕುಲ ರಸ್ತೆಯಲ್ಲಿ ವನಮಹೋತ್ಸವದ ಸಸಿಗಳನ್ನು ತಿನ್ನುತ್ತ ಸಿಕ್ಕಿಬಿದ್ದು, ಸದ್ಯ ನನ್ನ ಕಾವಲಿನಲ್ಲಿ ಸುಖವಾಗಿದೆ. ಮನೆಯಲ್ಲಿ ಚಹಾಕ್ಕೆ ಹಾಲಿಲ್ಲ, ಕೂಡಲೇ ಬಿಡು ಎಂಬ ತಮ್ಮ ಚೀಟಿಯನ್ನು ದ್ಯಾಮಣ್ಣ ತಂದುಕೊಟ್ಟ. ನಾನು ಹಗ್ಗ ಬಿಚ್ಚಲು ಹೋದೆ, ಅದು ಮೇಯುತ್ತಿತ್ತು. ತಮ್ಮ ಅಪ್ಪಣೆಯನ್ನು ನೆನೆದು ಸುಮ್ಮನೆ ನಿಂತೆ. ಮೇವು ಮುಗಿಯಿತು, ಈಗ ಮೆಲುಕು ಹಾಕುತ್ತಿದೆ. ಮೆಲುಕು ಊಟದಲ್ಲಿ ಸೇರುತ್ತದೆಯೋ ಇಲ್ಲವೋ ಎಂಬುದು ನನ್ನಂಥ ನಪಾಸಾದವನು ಹೇಳುವ ಮಾತಲ್ಲ, ಪರೀಕ್ಷಕರಾದ ತಾವೇ ಬಂದು ತೀರ್ಮಾನಿಸಬೇಕು. ಬರುವಾಗ ಮರುಪರೀಕ್ಷೆಯ ಆಜ್ಞೆಯನ್ನೂ ಗೌರಕ್ಕನಿಗೊಂದು ಕೆಂಪು ಖಣವನ್ನೂ ತಂದರೆ, ಎಮ್ಮೆಯ ಕಿವಿಯಲ್ಲಿ ನಾನೇ ಮೂರು ಸಲ ‘ಸಾಕು’ ಎನ್ನುತ್ತೇನೆ.