ಅರ್ಥ ಹೇಳುವ ಪೆಟ್ಟಿಗೆ

"ಎಳೀಬೇಡ ಅಕ್ಕ, ತಲೆ ಮಂಚಕ್ಕೆ ಬಡಿಯುತ್ತೆ!"

ಪಂಕಜಾಕ್ಷಿ ತಮ್ಮನ ಕಾಲು ಬಿಡಲಿಲ್ಲ. "ಬಾರೋ ಈಚೆ! ನಿಮ್ಮ ಭಾವ ಈಗಷ್ಟೇ ಡಯಾಲಿಸಿಸ್ ಮುಗಿಸಿಕೊಂಡು ಬಂದು ಮಲಗಿದ್ದಾರೆ. ಅವರ ಮಂಚದ ಕೆಳಗೆ ನಿಂಗೇನು ಕೆಲಸ?"

"ಪ್ಲಗ್ ಪಾಯಿಂಟ್ ಇರೋದು ಇಲ್ಲೇ ತಾನೇ!"

ತಿಪ್ಪೇಶಿ ಧೂಳು ಕೊಡವಿಕೊಂಡು ಎದ್ದ. ಹಳೇ ರೇಡಿಯೋದ ಹೊಟ್ಟೆ ಬಗೆದು ಮಾಡಿದ ಪೆಟ್ಟಿಗೆ ಗುಂಯ್‌ಗುಟ್ಟಿತು. ಭಾವ ಮುರಿಗೆಪ್ಪನವರ ಫೋನಿನಲ್ಲಿ 'ಕಿಡ್ನಿ ಬಳಗ' ತೆರೆದುಕೊಂಡಿತು. ಕಾಯಿಲೆಯವರೆಲ್ಲ ಸೇರಿ ಹರಟುವ ಆನ್‌ಲೈನ್ ಕಟ್ಟೆ ಅದು. ಆಸ್ಪತ್ರೆ ಬಿಟ್ಟರೆ ಮುರಿಗೆಪ್ಪನವರಿಗೆ ಉಳಿದಿದ್ದ ಲೋಕ ಅದೊಂದೇ. ನಗುತ್ತಿದ್ದದ್ದೂ ಅಲ್ಲಿ ಮಾತ್ರ.

"ನೋಡಿ ಭಾವ! ಬಳಗದಲ್ಲಿ ಯಾರು ತಾಂತ್ರಿಕ ಪದ ಬರೆದರೂ ಇದು ತಾನೇ ಹಿಡಿದು ಕೆಳಗೆ ಅರ್ಥ ಹಾಕುತ್ತೆ. ಎಲ್ಲರಿಗೂ ಕಾಣುತ್ತೆ!"

ಯಾರೋ ಕ್ರಿಯಾಟಿನಿನ್ ಎಂದಿದ್ದರು. ಕೆಳಗೆ ಮೂಡಿತು: 'ಸ್ನಾಯುಗಳು ಉಳಿಸಿದ ಕಸ. ಕಿಡ್ನಿ ಹೊರಹಾಕಬೇಕಾದ್ದು.'

"ಡಾಕ್ಟರು ಇಷ್ಟು ಬಿಡಿಸಿ ಹೇಳಿರಲಿಲ್ಲ!" ಎಂದು ಬಳಗದ ಕೊಟ್ರಮ್ಮ ಬರೆದರು. ತಿಪ್ಪೇಶಿ ಕಾಲರ್ ಎತ್ತಿಕೊಂಡ.

ಮರುದಿನ ಬೆಳಿಗ್ಗೆ ಕೊಟ್ರಮ್ಮ ವಾಡಿಕೆಯಂತೆ 'ಕಾಫಿ ಆಯ್ತು' ಎಂದು ಬರೆದರು. ಪೆಟ್ಟಿಗೆ ಗಬಕ್ಕನೆ ಹಿಡಿಯಿತು.

'ಕಾಫಿ ಆಯ್ತು: ರಾತ್ರಿ ಸಾಯಲಿಲ್ಲ ಎಂಬ ವರದಿ. ಕಾಫಿಗೆ ಸಂಬಂಧವಿಲ್ಲ.'

"ಲೋ, ಕಾಫಿ ಹೇಗೋ ತಾಂತ್ರಿಕ ಪದ?" ಪಂಕಜಾಕ್ಷಿ ಕಿರುಚಿದಳು.

"ಹೊರಗೆ ಯಾರೂ ಈ ಅರ್ಥದಲ್ಲಿ ಆಡಲ್ಲ, ಇಲ್ಲಿ ದಿನಾ ಆಡ್ತಾರೆ. ಅಂಥದ್ದನ್ನೆಲ್ಲ ಹಿಡಿ ಅಂತ ನಾನೇ ಕಲಿಸಿದ್ದು!"

ಅಷ್ಟರಲ್ಲಿ ಒಬ್ಬರು, ಈಚೆಗೆ ಬಳಗದಲ್ಲಿ ಕಾಣದ ಹಾಲಪ್ಪನವರ ಸುದ್ದಿ ಕೇಳಿದರು. ಮಗಳ ಊರಿಗೆ ಹೋಗಿದ್ದಾರೆ ಎಂದು ಇನ್ನೊಬ್ಬರು.

'ಮಗಳ ಊರಿಗೆ ಹೋಗಿದ್ದಾರೆ: ತೀರಿಕೊಂಡಿದ್ದಾರೆ. ಬಳಗದಲ್ಲಿ ಹಾಗೆ ಹೇಳುವುದಿಲ್ಲ.'

ಬಳಗವೇ ಹೊತ್ತಿ ಉರಿಯಿತು. "ಯಾರ ಮನೆ ಶನಿ ಇದು?"

'ಶನಿ: ಈ ಪೆಟ್ಟಿಗೆ.'

ಎಲ್ಲರನ್ನೂ ಸಮಾಧಾನ ಮಾಡಲು ಪಂಕಜಾಕ್ಷಿ ಗಂಡನ ಫೋನು ತೆಗೆದುಕೊಂಡು ಬರೆದಳು: 'ಬೇಜಾರಾಗಬೇಡಿ. ನಮ್ಮೋರಂತೂ ಗೆಲುವಾಗಿದ್ದಾರೆ.'

'ಗೆಲುವಾಗಿದ್ದಾರೆ: ಸ್ಥಿತಿ ಕೆಟ್ಟಾಗ ಮನೆಯವರು ಬರೆಯುವುದು.'

ಅಳಿಸಲು ಹೋದಳು, ಅಳಿಯಲಿಲ್ಲ. ಮುರಿಗೆಪ್ಪ ಕೈ ಚಾಚಿ ಫೋನು ಇಸಿದುಕೊಂಡು ಓದಿದರು.

"ಹೋದ ವಾರವೂ ಇದನ್ನೇ ಬರೆದಿದ್ದೆಯಲ್ಲೇ."

"ಅದು... ಸುಮ್ಮನೆ ಬರೆದದ್ದು ರೀ."

ಅವಳು ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋದಳು. ಒಲೆ ಹಚ್ಚಿರಲೇ ಇಲ್ಲ.

ಆಮೇಲೆ ಒಬ್ಬೊಬ್ಬರೇ ಬಳಗ ಬಿಟ್ಟರು. ಬಾಯಿ ತೆರೆದರೆ ಬಣ್ಣ ಬಯಲಾಗುವ ಕಟ್ಟೆಯಲ್ಲಿ ಯಾರು ಕೂರುತ್ತಾರೆ? ಮುರಿಗೆಪ್ಪ ಎದ್ದ ಕೂಡಲೇ ಫೋನು ನೋಡುವರು, ಮಗುಚಿಡುವರು, ಮತ್ತೆ ನೋಡುವರು.

ಒಂದು ಬೆಳಿಗ್ಗೆ ಅದು ಟಣಟಣ ಬಡಿದುಕೊಂಡಿತು. ಅವರು ತಡಕಾಡಿ ಕನ್ನಡಕ ಹಾಕಿಕೊಂಡರು. ಕೊಟ್ರಮ್ಮನ ಕಾಫಿ ಆಗಿತ್ತು! ಎಲ್ಲರದೂ ಆಗಿತ್ತು! ಅವರ ಮುಖ ಅರಳಿತು. ಕೊನೆಯಲ್ಲಿ ಹಾಲಪ್ಪ ಬರೆದಿದ್ದರು: 'ಕಾಫಿ ಆಯ್ತು. ಮಗಳ ಊರು ತಂಪಾಗಿದೆ.'

ಅರಳಿದ ಮುಖ ಹಾಗೇ ನಿಂತಿತು.

"ಅರ್ಥ ಹೇಳೋಕೆ ಪದ ಸಿಗದೆ ಪೆಟ್ಟಿಗೆ ತಾನೇ ಎಲ್ಲರ ಹೆಸರಲ್ಲೂ ಬರೀತಿದೆ ಭಾವ!" ತಿಪ್ಪೇಶಿ ಕುಣಿದಾಡಿದ. "ಅರ್ಥದ ಕಾಟ ತೆಗೆದುಹಾಕ್ತೀನಿ. ಬಳಗ ವಾಪಸ್ ಬಂತು ಅಂದ್ಕೊಳ್ಳಿ! ಇನ್ನು ಒಬ್ಬರೂ ಬಿಟ್ಟು ಹೋಗಲ್ಲ, ಯಾರಿಗೂ ಏನೂ ಆಗಲ್ಲ!"

ಅವರ ಕೈಯಿಂದ ಜಾರಿ ಕೆಳಗೆ ಬಿದ್ದಿದ್ದ ಫೋನನ್ನು ಒರೆಸಿ ಅವರ ಮುಂದೆ ಹಿಡಿದ.

ಮುರಿಗೆಪ್ಪ ಎರಡೂ ಕೈ ಹೊದಿಕೆಯೊಳಗೆ ಸೇರಿಸಿಕೊಂಡರು.

"ಬೇಡ."