ವೈರಿಗೆ ಯಾವ ವಚನ?

ಹೆಂಡತಿ: ಇದೇನ್ರೀ, ಪ್ರಾರ್ಥನೆ ಮಾಡ್ತಿದ್ದೀರೋ, ಪೊಲೀಸ್ ಠಾಣೇಲಿ ದೂರು ಬರೆಸ್ತಿದ್ದೀರೋ?

ಯಜಮಾನರು: ನಡೆದದ್ದನ್ನ ನಡೆದ ಹಾಗೆ ಹೇಳ್ತಿದ್ದೀನಿ.

ಹೆಂಡತಿ: ದೇವರಿಗೆ ಗೊತ್ತಿಲ್ವಾ?

ಯಜಮಾನರು: ಗೊತ್ತಿರುತ್ತೆ. ಆದ್ರೆ ಪಕ್ಕದ ಮನೆಯವನು ಮೊದಲೇ ಹೋಗಿ ದೇವರ ಕಿವೀಲಿ ಏನೇನು ತುಂಬಿಟ್ಟಿದ್ದಾನೋ!

ಯಜಮಾನರು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಪಕ್ಕದ ಮನೆಯವರು ಅದೇ ಮೇಜಿನ ಎದುರು ಕುರ್ಚಿಯಲ್ಲಿ ಕೂತು ಕರಡು ತಿದ್ದಿದ ಪ್ರಾಣಸ್ನೇಹಿತರು. ಬೀಳ್ಕೊಡುಗೆ ಸಭೆಯಲ್ಲಿ ಆ ಸ್ನೇಹಿತರು ಎದ್ದು ನಿಂತು, "ಇವನ ಕಣ್ಣಿಗೆ ಬಿದ್ದ ತಪ್ಪುಗಳಿಗಿಂತ ಬೀಳದ ತಪ್ಪುಗಳೇ ಹೆಚ್ಚು" ಎಂದುಬಿಟ್ಟಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತು. ಸ್ನೇಹ ಅಲ್ಲಿಗೆ ಮುರಿಯಿತು. ಈಗ ನೋಡಿದರೆ, ಚರ್ಚಿನಲ್ಲಿ ಭಾನುವಾರದ ಆರಾಧನೆಗೆ ಬೈಬಲ್ಲಿನಿಂದ ವೇದಪಾಠ ಓದುವ ಸರದಿ ಯಜಮಾನರದು. ಬಂದಿರುವುದೋ, ವೈರಿಯನ್ನು ಪ್ರೀತಿಸಬೇಕೆಂಬ ಭಾಗ. ಮಾಡದ್ದನ್ನು ಸಭೆಯೆದುರು ಓದುವುದು ಅಚ್ಚಿನ ತಪ್ಪಿಗಿಂತ ದೊಡ್ಡ ತಪ್ಪೆಂಬುದು ಅವರ ಖಚಿತ ಅಭಿಪ್ರಾಯ. ಓದದೆ ಬಿಟ್ಟರೆ ಸರದಿ ಹೋಗುವುದು ಪಕ್ಕದ ಮನೆಗೆ! ಆದ್ದರಿಂದ ಭಾನುವಾರದೊಳಗೆ ಪ್ರೀತಿಸಿಯೇ ತೀರಬೇಕಾಗಿತ್ತು.

ಅವರು ಮತ್ತೆ ಕಣ್ಣು ಮುಚ್ಚಿದರು.

ಯಜಮಾನರು: ಕರ್ತನೇ, ಅವನನ್ನು ಆಶೀರ್ವದಿಸು. ಅವನ ಮಂಡಿನೋವನ್ನು ವಾಸಿಮಾಡು. ಸದ್ಯಕ್ಕೆ ಒಂದು ಮಂಡಿ ಸಾಕು.

ಹೆಂಡತಿ: ರೀ!

ಯಜಮಾನರು: ಸರಿ, ಎರಡೂ.

ಹೆಂಡತಿ: ಮತ್ತೆ ಅದೇನು 'ಅವನು' 'ಅವನು' ಅಂತ? ಪ್ರೀತಿಸೋರು ಮರ್ಯಾದೆಯಾಗಿ 'ಅವರು' ಅನ್ನಬಾರ್ದಾ?

ಯಜಮಾನರು: ದೇವರನ್ನೇ 'ನೀನು' ಅಂತೀವಿ. ಈ ಮನುಷ್ಯನಿಗೆ ಬಹುವಚನ ಕೊಟ್ರೆ ಮೇಲಿರೋವ್ನು ಏನಂದ್ಕೋತಾನೆ?

ಹೆಂಡತಿ: ಬೀದೀಲಿ ಸಿಕ್ಕಾಗ ಮಾತ್ರ 'ತಾವು' ಅಂತೀರಲ್ಲ!

ಯಜಮಾನರು: ಅದು ಮರ್ಯಾದೆ ಅಲ್ಲ ಕಣೇ, ಕೋಪ.

ಹೆಂಡತಿ: ಹಾಗಾದ್ರೆ ಇದು?

ಯಜಮಾನರು: ಇದೂ ಕೋಪವೇ. ಬೇರೆ ಕೋಪ.

ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯವರು ಮಂಡಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

ನೆರೆಯವರು: ತಮ್ಮ ಕಿಟಕಿ ತೆರೆದಿದೆ. ಆಶೀರ್ವಾದವೆಲ್ಲ ನಮ್ಮನೆ ಅಡುಗೆಕೋಣೆಗೇ ಬಂತು.

ಯಜಮಾನರು: ತಮ್ಮ ಕಿವಿಗೆ ಅಂತ ಹೇಳಿದ್ದಲ್ಲ.

ನೆರೆಯವರು: ತಾವು ನನ್ನನ್ನು 'ಅವನು' ಅಂದದ್ದು ನಿಜವೋ?

ಯಜಮಾನರು: ನಿಜ. ವ್ಯಾಕರಣದ ಪ್ರಕಾರ ಅದರಲ್ಲಿ ತಪ್ಪಿಲ್ಲ.

ನೆರೆಯವರು: ತಪ್ಪು ಅಂದವರ್ಯಾರೋ? ಆ ಸಭೆ ಆದ್ಮೇಲೆ ಇವತ್ತೇ ನಿನ್ನ ಬಾಯಲ್ಲಿ ಅದು ಬಂದದ್ದು. 'ತಾವು' 'ತಾವು' ಅಂತ ಕೇಳಿ ಕೇಳಿ ನಾನು ಯಾವುದೋ ಇಲಾಖೆ ಮುಖ್ಯಸ್ಥ ಆಗ್ಬಿಟ್ಟಿದ್ದೆ. ಇನ್ನೊಂದ್ಸಲ ಅನ್ನು.

ಯಜಮಾನರು ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ತಿದ್ದುವಂಥದ್ದೇನೂ ಸಿಗಲಿಲ್ಲ.

ಯಜಮಾನರು: ನೀನು... ಅಷ್ಟು ಜನರ ಮುಂದೆ ಹಾಗೆ ಅನ್ನಬಹುದಿತ್ತೇನೋ?

ನೆರೆಯವರು: ನಗಲಿ ಅಂತ ಅಂದೆ. ಎಲ್ಲರೂ ನಕ್ಕರು.

ಯಜಮಾನರು: ನಾನು ನಗಲಿಲ್ಲ.

ನೆರೆಯವರು: ಅದೊಂದು ನನ್ನ ಕಣ್ಣಿಗೆ ಬೀಳ್ಲಿಲ್ಲ ಕಣೋ. ತಪ್ಪಾಯ್ತು.

ಹೆಂಡತಿ ಸದ್ದಿಲ್ಲದೆ ಕುರ್ಚಿಯೊಂದನ್ನು ಎಳೆದು ಹಾಕಿದರು. ಸ್ನೇಹಿತರು ಕೂತರು. ಯಜಮಾನರ ಮುಖ ಅರಳಿತು. ಅರಳಿದ್ದು ಹಾಗೇ ಬಾಡಿತು.

ನೆರೆಯವರು: ಮತ್ತೇನಾಯ್ತೋ?

ಯಜಮಾನರು: ಭಾನುವಾರ ವೈರಿಯನ್ನ ಪ್ರೀತಿಸಿ ಅಂತ ಓದ್ಬೇಕು. ಇಲ್ಲೀವರೆಗೆ ವೈರಿ ಇದ್ದ, ಪ್ರೀತಿ ಇರ್ಲಿಲ್ಲ. ಈಗ ಪ್ರೀತಿ ಇದೆ, ವೈರಿಯೇ ಇಲ್ಲ. ಹೇಗೆ ಓದಿದ್ರೂ ಸುಳ್ಳಾಗುತ್ತಲ್ಲೋ!

ನೆರೆಯವರು: ಇಷ್ಟೇ ತಾನೆ? ನೀನು ಬಿಡು, ನಾನೇ ಓದ್ತೀನಿ.

ಯಜಮಾನರು ಧಡಕ್ಕನೆ ಎದ್ದು ನಿಂತರು.

ಯಜಮಾನರು: ಅಷ್ಟೊಂದು ತೊಂದರೆ ತಾವು ತಗೋಬೇಡಿ!