ಹೆಂಡತಿಯ ಅರ್ಜಿಯಲ್ಲೊಂದು ಆಬ್‌ಸ್ಟಿನೇಟ್

ದಿನಕ್ಕೊಂದು ಇಂಗ್ಲಿಷ್ ಪದ ಕಲಿತು, ಅಂದೇ ಅದನ್ನು ಮೂರು ವಾಕ್ಯಗಳಲ್ಲಿ ಬಳಸಿಯೇ ತೀರುತ್ತೇನೆಂದು ಡಿಕ್ಷನರಿರಾಯರು ಪಣ ತೊಟ್ಟು ಹದಿನೇಳು ದಿನಗಳಾಗಿದ್ದವು. ಅವರು ಛಾಪಖಾನೆಯೊಂದರ ಪ್ರೂಫ್ ರೀಡರು. ಈ ಬಿರುದು ಕೊಟ್ಟವರು ಜೊತೆಯ ಕೆಲಸಗಾರರು. ಅದರಲ್ಲಿ ಗೇಲಿಯಿದೆ ಎಂಬುದು ರಾಯರೊಬ್ಬರಿಗೇ ಗೊತ್ತಿರಲಿಲ್ಲ.

ಹದಿನೆಂಟನೆಯ ದಿನದ ಪದ ‘ಆಬ್‌ಸ್ಟಿನೇಟ್’. ನಿಘಂಟಿನ ಪುಟದ ಕಟ್ಟಕಡೆಯ ಸಾಲಿನಲ್ಲಿ ‘ಪಟ್ಟು ಬಿಡದ’ ಎಂದಿತ್ತು. ಆಹಾ, ಎಂಥ ವೀರೋಚಿತ ಪದ! ಪುಟ ತಿರುವಿದ್ದರೆ ‘ಮೊಂಡ, ಹಠಮಾರಿ, ಹೇಳಿದ ಮಾತು ಕೇಳದ’ ಎಂಬ ಉಳಿದರ್ಥಗಳೂ ಕಾಣುತ್ತಿದ್ದವು. ತಿರುವಲಿಲ್ಲ.

ಅಂದು ಬೆಳಿಗ್ಗೆಯೇ ಅವರ ಹೆಂಡತಿ, ಆಸ್ಪತ್ರೆಯ ನರ್ಸು, ಡ್ಯೂಟಿಗೆ ಹೊರಟವಳು ಬಂದು ನಿಂತಳು. “ರೀ, ಹೆಡ್ ನರ್ಸ್ ಹುದ್ದೆಗೆ ಅರ್ಜಿ ಕೊಡೋಕೆ ಇವತ್ತೇ ಕೊನೇ ದಿನ. ಹದಿನಾಲ್ಕು ವರ್ಷದಿಂದ ಕಾಯ್ತಿದೀನಿ. ಪಟ್ಟುಬಿಡದೆ ಕೆಲಸ ಮಾಡ್ತೀನಿ ಅಂತ ಇಂಗ್ಲಿಷಲ್ಲಿ ಚೆನ್ನಾಗಿ ಬರೆದುಕೊಡಿ.”

ಪದವೇ ಮನೆ ಬಾಗಿಲಿಗೆ ಬಂದು ಕೆಲಸ ಕೇಳಿದಂತಾಯಿತು! ರಾಯರು ಬರೆದರು: ‘ಐ ಆಮ್ ಆಬ್‌ಸ್ಟಿನೇಟ್ ವಿತ್ ಪೇಶೆಂಟ್ಸ್. ವಿತ್ ಡಾಕ್ಟರ್ಸ್, ಮೋರ್ ಆಬ್‌ಸ್ಟಿನೇಟ್. ಅಟ್ ಹೋಮ್ ಆಲ್ಸೋ ಸೇಮ್ ಆಬ್‌ಸ್ಟಿನೇಟ್.’

“ಒಂದ್ಸಲ ಓದ್ಲಾ?”

“ನನ್ನ ಇಂಗ್ಲಿಷ್ ಮೇಲೆ ನಂಬಿಕೆ ಇಲ್ವಾ ನಿಂಗೆ?”

ಬಸ್ಸಿಗೆ ಹೊತ್ತಾಗಿತ್ತು. ಆಕೆ ಕಣ್ಣು ಮುಚ್ಚಿ ಸಹಿ ಹಾಕಿದಳು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ ಹೊಸಿಲಲ್ಲೇ ಕುಸಿದು ಕೂತಳು. “ಅರ್ಜಿ ನೋಡೋ ಮೇಟ್ರನ್ನೇ ವಾರ್ಡಲ್ಲಿ ಎಲ್ಲರೆದುರು ಓದಿದ್ರು. ರೋಗಿಗಳ ಹತ್ರ ಮೊಂಡುತನವಂತೆ, ಡಾಕ್ಟರ ಹತ್ರ ಇನ್ನೂ ಮೊಂಡುತನವಂತೆ! ಹೊಲಿಗೆ ಬಿಚ್ಚೋ ಹಾಗೆ ನಕ್ಕರು ರೋಗಿಗಳು!”

“ಅದು ಹೊಗಳಿಕೆ ಕಣೇ! ನಿಘಂಟಲ್ಲಿದೆ!”

“ತಪ್ಪಾಯ್ತು ಅನ್ನಿ, ಸಾಕು.”

“ತಪ್ಪಾಗಿದ್ರೆ ತಾನೇ ಅನ್ನೋದು?”

ಆಕೆ ನಿಘಂಟು ತಂದು, ಪುಟ ತಿರುವಿ ತೋರಿಸಿದಳು. ರಾಯರು ಓದಿದರು: ‘ಮೊಂಡ, ಹಠಮಾರಿ...’ ಹದಿನಾಲ್ಕು ವರ್ಷಗಳ ಆಸೆಯನ್ನು ಒಂದೇ ಪದದಿಂದ ಮಣ್ಣುಪಾಲು ಮಾಡಿದ್ದರು! ಹೆಂಡತಿ ಬೈದಿದ್ದರಾದರೂ ಹಗುರಾಗುತ್ತಿತ್ತು. ಆಕೆ ಬೈಯಲೂ ಇಲ್ಲ.

ಮರುದಿನ ಕೆಲಸಕ್ಕೆ ಚಕ್ಕರ್ ಹೊಡೆದು ಮೇಟ್ರನ್ ಕೋಣೆಗೆ ನುಗ್ಗಿ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. “ಮೇಡಂ, ನನ್ನ ಹೆಂಡತಿ ಅರ್ಜಿ ಬರೆದೋನು ನಾನು. ಅವಳದೇನೂ ತಪ್ಪಿಲ್ಲ. ಅರ್ಜಿ ಕೊಡಿ, ತಿದ್ದಿಕೊಡ್ತೀನಿ.”

“ಆಗಲ್ಲ. ಗಡುವು ಮುಗೀತು.”

“ಒಂದೇ ಪದ ಮೇಡಂ!”

“ಆಗಲ್ಲ ಅಂದೆನಲ್ಲ!”

“ಹಾಗಾದ್ರೆ ನಾನು ಏಳಲ್ಲ.”

ಏಳಲೂ ಇಲ್ಲ. ಮೇಟ್ರನ್ ರೌಂಡ್ಸ್ ಮುಗಿಸಿ ಬಂದರು, ಊಟ ಮಾಡಿ ಬಂದರು, ಮೀಟಿಂಗ್ ಮುಗಿಸಿ ಬಂದರು. ರಾಯರು ಅದೇ ಸ್ಟೂಲಿನ ಮೇಲೆ! ಕಾವಲುಗಾರ ಬಂದು ಎಳೆದರೆ ಸ್ಟೂಲಿನ ಸಮೇತ ಎದ್ದು, ಸ್ಟೂಲಿನ ಸಮೇತ ಕೂತರು.

ಮೇಟ್ರನ್ ಕನ್ನಡಕ ತೆಗೆದು ಅವರನ್ನೇ ದಿಟ್ಟಿಸಿದರು. “ಮನೇಲೂ ಹೀಗೇನಾ ನೀವು?”

“ಮನೇಲಿ ಇನ್ನೂ ಜಾಸ್ತಿ ಮೇಡಂ,” ರಾಯರು ಅಳುವ ದನಿಯಲ್ಲಿ ನಿಜ ನುಡಿದರು.

“ಮದುವೆ ಆಗಿ ಎಷ್ಟು ವರ್ಷ?”

“ಇಪ್ಪತ್ತೆರಡು.”

ಮೇಟ್ರನ್ ಅರ್ಜಿಯನ್ನು ಎಳೆದುಕೊಂಡು ‘ಮಂಜೂರು’ ಎಂದು ಬರೆದು ಸಹಿ ಹಾಕಿದರು.

“ಇಪ್ಪತ್ತೆರಡು ವರ್ಷ ನಿಮ್ಮನ್ನ ಸಂಭಾಳಿಸಿದೋರಿಗೆ ನಮ್ಮ ವಾರ್ಡ್ ಯಾವ ಲೆಕ್ಕ!”